ಪಡುವಣ ಬೆಂಗಳೂರಿನ ನೆಲದೊಳಗಣ ಲೋಹ

ಬೆಂಗಳೂರಿನ ಹವಾಮಾನದ ದಾಖಲೆಗಳಲ್ಲಿ 1884ನೆಯ ಇಸವಿಯ ಜನವರಿ 13ನೆಯ ತಾರೀಖಿಗೆ ವಿಶೇಷವಾದ ಸ್ಥಾನವೊಂದುಂಟು. ಅಂದು ಊರಿನ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್ಸಿಗೆ ಇಳಿದಿತ್ತು. ಆಮೇಲೆ ಬಂದ ಯಾವ ಮಾಗಿಯೂ ಆ ಮಟ್ಟವನ್ನು ಮುಟ್ಟಿಲ್ಲ. ಅದೇ ವರ್ಷದಲ್ಲಿ ಹಳೆಯ ಪೇಟೆಯ ಪಡುವಣ ಅಂಚಿನಾಚೆಗೆ ಉಣ್ಣೆ, ಹತ್ತಿ, ರೇಷ್ಮೆಗಳನ್ನು ನೂತು ನೇಯುವ ಗಿರಣಿಯೊಂದು ಸ್ಥಾಪಿತವಾಗಿ, ಕೆಲವೇ ವರ್ಷಗಳಲ್ಲಿ ಮದರಾಸಿನ ಬಿನ್ನಿ ಕಂಪನಿಯ ಆಡಳಿತಕ್ಕೆ ಸೇರಿ, ಆ ಕಂಪನಿಯ ಹೆಸರನ್ನೇ ಸುತ್ತಲ ವಸತಿಗೂ ಕೊಟ್ಟಿತು. ಬಿನ್ನಿಪೇಟೆಯ ಮೂರು ನಾಲ್ಕು ತಲೆಮಾರಿನ ಜನ ಆ ಮಿಲ್ಲಿನ ಸೈರನ್ನಿಗೆ ಎದ್ದು, ಅದರ ಪಾಳಿಗಳಿಗೆ ತಕ್ಕಂತೆ ಉಂಡು ಮಲಗಿದರು. ಇಂದು ಆ ಗಿರಣಿಯಿಲ್ಲ. ಅದು ನಿಂತಿದ್ದ ವಿಶಾಲವಾದ ನಿವೇಶನದಲ್ಲಿ ಬಹುಮಹಡಿಯ ಮನೆಗಳೂ ಮಾಲುಗಳೂ ಎದ್ದಿವೆ. ಈ ನೆಲದ ಮೇಲೆ ನಡೆದುಹೋದ ಚರಿತ್ರೆಯನ್ನು ಬಾಯಿಮಾತಿನಲ್ಲಿ ಹೇಳಬಲ್ಲ ಹಿರಿಯರು ಇನ್ನೂ ಕೆಲವರಿದ್ದಾರೆ. ನೆಲದ ಒಳಗೆ ಉಳಿದುಹೋದ ಚರಿತ್ರೆಯನ್ನು ಕುರಿತು ಯೋಚಿಸಿದವರು ಮಾತ್ರ ವಿರಳ.

ಇಂಗ್ಲೆಂಡಿನಂಥ ಶೀತದೇಶಗಳಲ್ಲಿ ಆ ಯೋಚನೆಯೇ ಒಂದು ಹವ್ಯಾಸವಾಗಿ ಬೆಳೆದಿದೆ. ಅಲ್ಲಿ ಗೋಧಿಯ ಕೊಯ್ಲು ಮುಗಿದು, ಹೊಲಗಳನ್ನು ಉತ್ತು ಮಳೆಗೂ ಮಂಜಿಗೂ ಬಿಟ್ಟ ಮೇಲೆ, ಉದ್ದನೆಯ ಹಿಡಿಯ ತುದಿಗೆ ತಂತಿಯ ಸುರುಳಿಯನ್ನು ಅಡಗಿಸಿಕೊಂಡ ತಟ್ಟೆಯಿರುವ ಮೆಟಲ್ ಡಿಟೆಕ್ಟರನ್ನು ಹಿಡಿದು, ಕಿವಿಗೆ ಹೆಡ್‌ಫೋನನ್ನು ಸಿಕ್ಕಿಸಿಕೊಂಡು, ಹೊಲದ ಒಡೆಯನ ಅನುಮತಿಯಿಂದ ಸಾಲುಸಾಲಾಗಿ ನಡೆಯುವವರನ್ನು ಚಳಿಗಾಲದುದ್ದಕ್ಕೂ ಕಾಣಬಹುದು. ನೆಲ ಹೆಪ್ಪುಗಟ್ಟಿದ ದಿನ ಅವರ ಸಲಿಕೆ ಇಳಿಯದು. ನೆಲ ತೇವವಾಗಿದ್ದ ದಿನ ಯಂತ್ರದ ದನಿ ಸ್ಫುಟವಾಗಿ ಕೇಳುವುದೆಂದು ಅವರ ಅನುಭವ. ನಮ್ಮಲ್ಲಿ ಆ ಹವ್ಯಾಸ ಬೇರೂರಲಿಲ್ಲ. ಆದರೂ ನೆಲದೊಳಗಣ ಹಳೆಯ ಲೋಹ ಬೆಳಕಿಗೆ ಬಂದ ಕಥೆ ನಮ್ಮಲ್ಲಿಯೂ ದೀರ್ಘವಾದುದೇ. ಆ ಕಥೆಯನ್ನು ಬಿನ್ನಿಪೇಟೆಯನ್ನು ನಡುವಿಟ್ಟುಕೊಂಡು ನೋಡಿದರೆ ತಿಳಿದುಬರುವುದೇನೆಂದರೆ, ಈ ಮಣ್ಣು ತನ್ನ ಬೆಲೆಯುಳ್ಳ ಗುಟ್ಟುಗಳನ್ನು ಒಪ್ಪಿಸಿದುದು ನಿಧಿಯನ್ನು ಹುಡುಕಿ ಬಂದವನಿಗಲ್ಲ, ಬೇರೆ ಯಾವುದೋ ಕೆಲಸಕ್ಕಾಗಿ ಗುದ್ದಲಿ ಹಿಡಿದ ಕೂಲಿಯವನಿಗೆ ಎಂಬುದು.

ನಮ್ಮ ಸೀಮೆಯಲ್ಲಿಯೂ ಮಾಗಿ ನೆಲ ಬಾಯಿಬಿಡುವ ಕಾಲವೇ. ಹಿಂಗಾರಿನ ಕೊನೆಯ ಹನಿಗಳು ನಿಂತು, ರಾಗಿಯ ತೆನೆಯನ್ನು ಕೊಯ್ದು ಮೆದೆಯೊಟ್ಟಿ, ಹೊಲ ಬರಿದಾದ ಮೇಲೆ, ಇನ್ನೂ ಹದ ಆರದ ಕೆಂಪುಮಣ್ಣು ಹಾರೆಗೂ ಗುದ್ದಲಿಗೂ ಸುಲಭವಾಗಿ ಮಣಿಯುತ್ತದೆ. ಧನುರ್ಮಾಸದಲ್ಲಿ ಮನೆ ಕಟ್ಟುವ ಕೆಲಸವನ್ನು ಆರಂಭಿಸಬಾರದೆಂದು ತಡೆದಿದ್ದವರೆಲ್ಲರೂ ಸಂಕ್ರಾಂತಿ ಕಳೆದು ಉತ್ತರಾಯಣ ಹುಟ್ಟಿದೊಡನೆ ಗುದ್ದಲಿಪೂಜೆ ಮಾಡಿಸಿ ಪಾಯ ತೋಡಿಸುವುದರಿಂದ, ಮಾಗಿಯ ಉತ್ತರಾರ್ಧದಲ್ಲಿ ಈ ಊರಿನ ನೆಲ ಅಗೆಯಲ್ಪಡುವಷ್ಟು ಮಳೆಗಾಲದಲ್ಲಿ ಅಗೆಯಲ್ಪಡುವುದಿಲ್ಲ. ಹಾಗೆ ಅಗೆದ ಮಣ್ಣಿನ ಕೆಂಪಿಗೆ ಕಾರಣವಾದುದು ಕಬ್ಬಿಣವೇ. ಬಿನ್ನಿಪೇಟೆಯ ಬದಿಯಿಂದ ಪಡುವಣಕ್ಕೆ ಹೊರಡುವ ಹೆದ್ದಾರಿ ಮುಟ್ಟುವ ಮಾಗಡಿಯ ಸೀಮೆಯಲ್ಲಿ, ಕಬ್ಬಿಣವನ್ನು ಕರಗಿಸುವ ಕುಲುಮೆಗಳನ್ನು 1800ರಲ್ಲಿ ಪ್ರವಾಸಿ ಫ್ರಾನ್ಸಿಸ್ ಬುಕಾನನ್ನನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅದಕ್ಕೂ ಎರಡು ಸಾವಿರ ವರ್ಷಗಳಿಗಿಂತ ಹಿಂದೆ ಈ ಪ್ರಸ್ಥಭೂಮಿಯಲ್ಲಿದ್ದ ಜನ ತಮ್ಮ ಸತ್ತವರನ್ನು ದೊಡ್ಡ ಕಲ್ಲುಚಪ್ಪಡಿಗಳ ಗೋರಿಗಳಲ್ಲಿ ಮಲಗಿಸುತ್ತಿದ್ದರು. ಅಂಥ ಗೋರಿಗಳಲ್ಲಿ ಕಪ್ಪುಕೆಂಪು ಬಣ್ಣದ ಮಡಕೆಗಳೊಡನೆ ಕಬ್ಬಿಣದ ಆಯುಧಗಳನ್ನೂ ಇಡುವುದು ದಕ್ಷಿಣದ ಬೃಹತ್ ಶಿಲಾಸಂಸ್ಕೃತಿಯ ಲಕ್ಷಣ. ಬೆಂಗಳೂರಿಗೆ ಬಡಗಣದ ಚಿಕ್ಕಜಾಲದಲ್ಲಿ ಆ ಗೋರಿಗಳಿವೆ. ಮೂಡಣದ ಹೊಸಕೋಟೆ ತಾಲ್ಲೂಕಿನ ಜಡಿಗೇನಹಳ್ಳಿಯಲ್ಲಿ 1957ರಲ್ಲಿ ಎಂ. ಶೇಷಾದ್ರಿಯವರು ಶಾಸ್ತ್ರೋಕ್ತವಾಗಿ ಉತ್ಖನನ ನಡೆಸಿ ವರದಿಯನ್ನು ಪ್ರಕಟಿಸಿದರು.

ಲೋಹದ ಮಾತು ಬಂದಾಗ ಪಡುವಣ ಬೆಂಗಳೂರಿಗೆ ಕೀರ್ತಿ ತಂದ ಸ್ಥಳವೆಂದರೆ ಬಿನ್ನಿಪೇಟೆಗೆ ಬಡಗಣದಲ್ಲಿರುವ ಯಶವಂತಪುರ. 1891ರಲ್ಲಿ ಅಲ್ಲಿ ರೈಲ್ವೆಯ ಕಾಮಗಾರಿ ನಡೆಯುತ್ತಿದ್ದಾಗ ಮಣ್ಣಿನಿಂದ 163 ಬೆಳ್ಳಿಯ ನಾಣ್ಯಗಳು ಹೊರಬಂದವು. ಅವು ಮೈಸೂರಿನವಲ್ಲ, ವಿಜಯನಗರದವಲ್ಲ, ಗಂಗರ ಕಾಲದವೂ ಅಲ್ಲ. ರೋಮಿನ ಚಕ್ರವರ್ತಿಗಳಾದ ಆಗಸ್ಟಸ್, ಟೈಬೀರಿಯಸ್, ಕ್ಲಾಡಿಯಸ್ ಮುಂತಾದವರ ಮುದ್ರೆಗಳನ್ನು ಹೊತ್ತ ದೀನಾರಿಗಳು. ಕ್ರಿಸ್ತಶಕದ ಆದಿಭಾಗದ ಈ ಬಗೆಯ ನಾಣ್ಯ ಸುಮಾರು ಮೂರೂಮುಕ್ಕಾಲು ಗ್ರಾಮು ತೂಗುತ್ತದೆ. ಭಾರತದಲ್ಲಿ ಹೇರಳವಾಗಿ ದೊರೆತಿರುವ ಎರಡು ಮಾದರಿಗಳನ್ನು ಒಮ್ಮೆ ನೋಡಿದವರು ಮರೆಯುವುದಿಲ್ಲ. ಆಗಸ್ಟಸನ ನಾಣ್ಯದ ಒಂದು ಮುಖದಲ್ಲಿ ಎಲೆಗಳ ಮಾಲೆಯನ್ನು ಮುಡಿದ ಚಕ್ರವರ್ತಿಯ ಶಿರಸ್ಸು, ಮತ್ತೊಂದು ಮುಖದಲ್ಲಿ ಅವನ ದತ್ತುಪುತ್ರರಾದ ಗಾಯಸ್ ಮತ್ತು ಲೂಸಿಯಸ್ ಎಂಬ ಇಬ್ಬರು ತರುಣರು ಗುರಾಣಿಗಳ ಮೇಲೆ ಕೈಯೂರಿ ನಿಂತ ಚಿತ್ರ. ಟೈಬೀರಿಯಸನ ನಾಣ್ಯದಲ್ಲಿ ಉದ್ದನೆಯ ದಂಡವನ್ನು ಹಿಡಿದು ಪೀಠದ ಮೇಲೆ ಕುಳಿತ ಸ್ತ್ರೀ. ಈ ತುಣುಕು ಬೆಳ್ಳಿ ಮೆಣಸಿಗಾಗಿ, ಮುತ್ತಿಗಾಗಿ, ಹತ್ತಿಬಟ್ಟೆಗಾಗಿ ಕಡಲನ್ನು ದಾಟಿ ಬಂದುದು. ಭಾರತ, ಚೀನ, ಅರಬ್ಬೀ ದೇಶಗಳು ಸೇರಿ ರೋಮ್ ಸಾಮ್ರಾಜ್ಯದಿಂದ ವರ್ಷಕ್ಕೆ 10 ಕೋಟಿ ಸೆಸ್ಟರ್ಸುಗಳನ್ನು ಸೆಳೆದುಕೊಳ್ಳುತ್ತಿವೆಯೆಂದು ರೋಮಿನ ಲೇಖಕ ಪ್ಲಿನಿ ಹಲುಬಿದ್ದಾನೆ. ನಾಲ್ಕು ಸೆಸ್ಟರ್ಸುಗಳಿಗೆ ಒಂದು ದೀನಾರಿ. ಮುಂದೆ 1965ರಲ್ಲಿ ಊರಿನ ಮೂಡಣ ದಿಕ್ಕಿನ ಎಚ್.ಎ.ಎಲ್. ವಿಮಾನನಿಲ್ದಾಣದ ನೆಲದಲ್ಲಿ ಇಂಥವೇ 256 ಬೆಳ್ಳಿನಾಣ್ಯಗಳು ದೊರೆತು, ಯಶವಂತಪುರದ್ದು ಒಂಟಿ ಆಕಸ್ಮಿಕವಲ್ಲವೆಂದು ಸ್ಥಿರಪಟ್ಟಿತು.

ಬೆಂಗಳೂರಿನ ಹೆಸರು ಮೊದಲ ಬಾರಿಗೆ ಕಾಣಿಸಿಕೊಳ್ಳುವ ಬೇಗೂರಿನ ವೀರಗಲ್ಲು ಒಂಬತ್ತನೆಯ ಶತಮಾನದ ಕೊನೆಯದು. ಕೆಂಪೇಗೌಡರು ಪೇಟೆಯನ್ನು ಕಟ್ಟಿದುದು 1537ರಲ್ಲಿ. ಹಾಗಿರುವಾಗ ಕಲ್ಲು ಮಾತನಾಡುವುದಕ್ಕೆ ಎಂಟುನೂರು ವರ್ಷಗಳ ಮೊದಲೇ ಈ ನೆಲದಲ್ಲಿ ಯಾರೋ ಒಬ್ಬನು ರೋಮಿನ ಬೆಳ್ಳಿಯನ್ನು ಕೂಡಿಟ್ಟಿದ್ದನೆಂಬ ಸಂಗತಿಯನ್ನು ನಮಗೆ ತಿಳಿಸಿದುದು ಹಳಿಗಾಗಿ ಮಣ್ಣು ತೆಗೆದವರ ಗುದ್ದಲಿ. ಆದರೆ ಆ ನಾಣ್ಯಗಳು ಹೇಳುವುದು ಇಷ್ಟನ್ನೇ. ಅವು ಎಂಥ ಮಡಕೆಯಲ್ಲಿದ್ದವು, ಯಾವ ಪದರದ ಮಣ್ಣಿನಲ್ಲಿದ್ದವು, ಬದಿಯಲ್ಲಿ ಒಲೆಯ ಬೂದಿಯಿತ್ತೇ, ಮನೆಯ ಗೋಡೆಯ ಗುರುತಿತ್ತೇ, ಅಥವಾ ದಾರಿಹೋಕನಾದ ವರ್ತಕನು ಬಯಲಿನಲ್ಲಿ ಹೂತಿಟ್ಟು ಮರಳಿ ಬಾರದೆ ಹೋದನೇ ಎಂಬ ಪ್ರಶ್ನೆಗಳಿಗೆ ಉತ್ತರ ಹೇಳಬಲ್ಲ ಮಣ್ಣು ಹಳಿಯ ಕೆಳಗಣ ದಿಬ್ಬದಲ್ಲಿ ಬೆರೆತುಹೋಯಿತು.

ಇದರೊಡನೆ ಚಿತ್ರದುರ್ಗದ ಬದಿಯ ಚಂದ್ರವಳ್ಳಿಯನ್ನು ಹೋಲಿಸಿ ನೋಡಿದರೆ ವ್ಯತ್ಯಾಸವೇನೆಂಬುದು ಮನದಟ್ಟಾಗುತ್ತದೆ. ಅಲ್ಲಿಯೂ ಮೊದಲು ಬೆಳಕಿಗೆ ಬಂದುದು ಬಿಡಿ ನಾಣ್ಯಗಳೇ. ಆದರೆ ಆ ಸುದ್ದಿ ಮೈಸೂರು ಸಂಸ್ಥಾನದ ಪ್ರಾಕ್ತನ ವಿಮರ್ಶೆಯ ಇಲಾಖೆಯನ್ನು ಮುಟ್ಟಿ, ಆರ್. ನರಸಿಂಹಾಚಾರ್ಯರು ಆ ನೆಲವನ್ನು ಪರಿಶೀಲಿಸಿ, 1929ರಲ್ಲಿ ಎಂ.ಎಚ್. ಕೃಷ್ಣ ಅವರು ವಿಧಿವತ್ತಾಗಿ ಉತ್ಖನನ ನಡೆಸಿ, 1947ರಲ್ಲಿ ಮಾರ್ಟಿಮರ್ ವೀಲರರು ಬ್ರಹ್ಮಗಿರಿಯ ಜೊತೆಯಲ್ಲಿಯೇ ಅಲ್ಲಿಯೂ ಪದರಪದರವಾಗಿ ಅಗೆದು ನೋಡಿದರು. ರೋಮಿನ ನಾಣ್ಯ, ಶಾತವಾಹನರ ಕಾಲದ ನಾಣ್ಯ, ಚಕ್ರದ ಮೇಲೆ ಗೀರುಗೀರಾಗಿ ಅಲಂಕರಿಸಿದ ಮಡಕೆಯ ಚೂರು, ಇವು ಒಂದೇ ಪದರದ ಸಂಗಾತಿಗಳೆಂದು ಗೊತ್ತಾದ ಮೇಲೆ ಅವುಗಳ ಆಧಾರದಿಂದ ಕೆಳಗಣ ಪದರಗಳ ಕಾಲವನ್ನೂ ನಿರ್ಣಯಿಸುವುದು ಸಾಧ್ಯವಾಗಿ, ಬೃಹತ್ ಶಿಲಾಗೋರಿಗಳ ಕಾಲನಿರ್ಣಯಕ್ಕೆ ಇಡೀ ದಕ್ಷಿಣದಲ್ಲಿ ಅದು ಅಡಿಗಲ್ಲಾಯಿತು. ಅದೇ ಲೋಹ, ಅದೇ ಮುದ್ರೆ, ಅದೇ ಚಕ್ರವರ್ತಿ. ಒಂದು ಕಡೆ ನಾಣ್ಯದ ಜೊತೆಗೆ ಅದರ ಸ್ಥಳವೂ ಉಳಿಯಿತು, ಇನ್ನೊಂದು ಕಡೆ ನಾಣ್ಯ ಮಾತ್ರ ಉಳಿಯಿತು.

ನೆಲದೊಳಗಣ ಧನ ಯಾರದೆಂಬ ವಿಚಾರವೂ ನಮ್ಮಲ್ಲಿ ಹೊಸದಲ್ಲ. ಕನ್ನಡನಾಡಿನ ದಾನಶಾಸನಗಳನ್ನು ಓದಿದವರಿಗೆ ಅಷ್ಟಭೋಗತೇಜಸ್ವಾಮ್ಯವೆಂಬ ಮಾತು ಚಿರಪರಿಚಿತ. ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ ಎಂದು ದಾನ ಪಡೆದವನಿಗೆ ಭೂಮಿಯ ಮೇಲೆ ಸಲ್ಲುವ ಎಂಟು ಅಧಿಕಾರಗಳನ್ನು ಎಣಿಸುವಾಗ, ಬೆಳೆಯನ್ನೂ ನೀರನ್ನೂ ಹಿಂದಕ್ಕಿಟ್ಟು ಹೂತ ಧನವನ್ನೇ ಮೊದಲು ಹೇಳಿರುವುದು ಗಮನಾರ್ಹ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಯಿಂದ ಎತ್ತಿ 1909ರಲ್ಲಿ ಮುದ್ರಿಸಿ ಲೋಕಕ್ಕೆ ಕೊಟ್ಟ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ನಿಧಿಯನ್ನು ಕಂಡು ತಿಳಿಸಿದವನಿಗೆ ಆರನೆಯ ಒಂದು ಪಾಲು, ಅವನು ಭೃತ್ಯನಾಗಿದ್ದರೆ ಹನ್ನೆರಡನೆಯ ಒಂದು ಪಾಲು, ಲಕ್ಷಕ್ಕೆ ಮೀರಿದ ನಿಧಿ ರಾಜನಿಗೆ ಎಂದು ವಿಧಿಯುಂಟು. ಬ್ರಿಟಿಷರ 1878ರ ನಿಧಿ ಕಾಯಿದೆ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕೆಂದು ವಿಧಿಸಿ, ಹಕ್ಕುದಾರರಾರೂ ಬಾರದೆ ಹೋದರೆ, ಕಂಡವನಿಗೂ ನೆಲದ ಒಡೆಯನಿಗೂ ಒಪ್ಪಂದವಾಗದಿದ್ದಲ್ಲಿ ಮುಕ್ಕಾಲು ಪಾಲನ್ನು ಕಂಡವನಿಗೂ ಕಾಲು ಪಾಲನ್ನು ಒಡೆಯನಿಗೂ ಕೊಡಿಸಿತು. ಸರ್ಕಾರ ತಾನೇ ಇಟ್ಟುಕೊಳ್ಳುವುದಾದರೆ ಲೋಹದ ಬೆಲೆಯ ಮೇಲೆ ಐದನೆಯ ಒಂದು ಪಾಲನ್ನು ಸೇರಿಸಿ ಕೊಡಬೇಕೆಂದಿತು. ಮುಚ್ಚಿಟ್ಟವನಿಗೆ ಪಾಲೂ ಇಲ್ಲ, ಸೆರೆವಾಸವೂ ಉಂಟು. ನಮ್ಮ ರಾಜ್ಯಕ್ಕೆ 1962ರಲ್ಲಿ ಪ್ರತ್ಯೇಕವಾದ ನಿಧಿ ಕಾಯಿದೆ ಬಂದಿತು. 1972ರ ಕೇಂದ್ರ ಶಾಸನ ನೂರು ವರ್ಷ ಮೀರಿದ ನಾಣ್ಯ, ಶಿಲ್ಪ, ಕುಶಲವಸ್ತುಗಳನ್ನು ಪುರಾತನವಸ್ತುಗಳೆಂದು ಪರಿಗಣಿಸಿ ಅವುಗಳ ವ್ಯಾಪಾರಕ್ಕೂ ಸಾಗಾಣಿಕೆಗೂ ಕಡಿವಾಣ ಹಾಕಿತು.

ಶಾಸನಗಳು ಎಷ್ಟಿದ್ದರೂ ನಿಧಿಯ ಆಸೆಗೆ ತನ್ನದೇ ಆದ ಶಾಸ್ತ್ರವುಂಟು. ಹೆಬ್ಬೆರಳಿನ ಉಗುರಿಗೆ ಅಂಜನವನ್ನು ಹಚ್ಚಿ ನೆಲದೊಳಗಣ ಕೊಪ್ಪರಿಗೆಯನ್ನು ಕಾಣಿಸುವೆವೆನ್ನುವವರು, ನಿಧಿಯನ್ನು ಕಾಯುವ ಸರ್ಪಕ್ಕೆ ಬಲಿ ಬೇಕೆನ್ನುವವರು, ಅಮಾವಾಸ್ಯೆಯ ರಾತ್ರಿಯನ್ನು ಆರಿಸಿಕೊಂಡು ಪಾಳುಗುಡಿಯ ಪೀಠವನ್ನು ಕೀಳುವವರು, ಇವರ ಪರಂಪರೆ ನಮ್ಮ ಹಳ್ಳಿಹಳ್ಳಿಯಲ್ಲಿಯೂ ಉಂಟು. ಈಚೆಗೆ ಅಂಜನದ ಸ್ಥಾನವನ್ನು ಯಂತ್ರವೂ ಹಿಡಿದಿದೆ. ಗುರಿ ಮಾತ್ರ ಬದಲಾಗಿಲ್ಲ. 2019ರ ಜುಲೈಯಲ್ಲಿ ಆನೆಗೊಂದಿಯ ನವಬೃಂದಾವನದಲ್ಲಿ ವ್ಯಾಸರಾಜರ ಬೃಂದಾವನವನ್ನು ನಿಧಿಗಳ್ಳರು ಕೆಡವಿಹಾಕಿದರು; ಭಕ್ತರೆಲ್ಲರೂ ಸೇರಿ ಅದನ್ನು ಮತ್ತೆ ನಿಲ್ಲಿಸಿದರೆಂಬುದು ಸಮಾಧಾನದ ಮಾತಾದರೂ, ಐದು ಶತಮಾನದ ಹಿಂದೆ ಜೋಡಿಸಿದ ಕಲ್ಲನ್ನು ಆ ಕಾಲದ ಕೈಗಳು ಮತ್ತೆ ಜೋಡಿಸಲಾರವು. ನಿಧಿಯನ್ನೇ ಹುಡುಕಿ ಹೊರಟವರಿಂದ ಕನ್ನಡನಾಡಿನ ಚರಿತ್ರೆಗೆ ಒಂದು ಪುಟವಾದರೂ ಸೇರಿದುದನ್ನು ನಾನು ಕಾಣೆ. ಹರಿದುಹೋದ ಪುಟಗಳು ಮಾತ್ರ ಹಲವು.

ಬಿನ್ನಿಪೇಟೆಯಿಂದ ಮೂಡಣಕ್ಕೆ ಕಾಟನ್‌ಪೇಟೆಯನ್ನು ದಾಟಿದರೆ ಹಳೆಯ ಪೇಟೆಯೂ ಕೋಟೆಯೂ ಬರುತ್ತವೆ. ಅಲ್ಲಿಯ ನೆಲದ ಲೋಹ ಯುದ್ಧದ್ದು. 1791ರ ಮಾರ್ಚ್ 7ರಂದು ಕಾರ್ನ್‌ವಾಲಿಸನ ಸೈನ್ಯ ಪೇಟೆಯನ್ನು ನುಗ್ಗಿ ಹಿಡಿದು, 21ರ ರಾತ್ರಿ ಕೋಟೆಯನ್ನು ವಶಪಡಿಸಿಕೊಂಡಿತು. ಆ ಎರಡು ವಾರಗಳ ಗುಂಡಿನ ಮಳೆಯಲ್ಲಿ ಎಷ್ಟು ಕಬ್ಬಿಣ ಈ ಮಣ್ಣಿಗೆ ಇಳಿಯಿತೋ ಅಳೆದವರಿಲ್ಲ. 2012ರಲ್ಲಿ ಮೆಟ್ರೋ ರೈಲಿನ ಸುರಂಗಕ್ಕಾಗಿ ಸಿಟಿ ಮಾರ್ಕೆಟ್ಟಿನ ನೆರೆಯಲ್ಲಿ ಅಗೆಯುತ್ತಿದ್ದಾಗ ಹಳೆಯ ಕಬ್ಬಿಣದ ಫಿರಂಗಿಗಳು ದೊರೆತವು. ಇಲ್ಲಿಯೂ ಕಂಡುಹಿಡಿದವರು ಕಾಮಗಾರಿಯವರೇ. ಅದೇ ಮಾರ್ಕೆಟ್ಟಿನ ಬದಿಯ ತಾರಾಮಂಡಲಪೇಟೆಯ ಹೆಸರು ಟಿಪ್ಪುವಿನ ರಾಕೆಟ್ಟುಗಳನ್ನು ನೆನಪಿಗೆ ತರುವುದೆಂದು ಹೇಳುವುದುಂಟು. ಮದ್ದು ತುಂಬಿದ ಕಬ್ಬಿಣದ ಕೊಳವೆಯನ್ನು ಬಿದಿರಿನ ಗಳುವಿಗೋ ಕತ್ತಿಯ ಅಲಗಿಗೋ ಕಟ್ಟಿ ಹಾರಿಸುತ್ತಿದ್ದ ಆ ಅಸ್ತ್ರವನ್ನು ನೋಡಿಯೇ ವಿಲಿಯಂ ಕಾಂಗ್ರೀವನು ಇಂಗ್ಲೆಂಡಿನಲ್ಲಿ ತನ್ನ ರಾಕೆಟ್ಟುಗಳನ್ನು ರೂಪಿಸಿದನು. ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ಪಾಳುಬಿದ್ದ ಬಾವಿಯೊಂದರಿಂದ 2002ರಲ್ಲಿ ಕೆಲವು ಕಬ್ಬಿಣದ ಕೊಳವೆಗಳು ಸಿಕ್ಕವು. ಅವು ಗುಜರಿಗೆ ಹೋಗದೆ ಉಳಿದು, ರಾಕೆಟ್ಟುಗಳೆಂದು ಗುರುತಿಸಲ್ಪಟ್ಟುದರಿಂದಲೇ 2018ರ ಜುಲೈಯಲ್ಲಿ ಪುರಾತತ್ತ್ವ ಇಲಾಖೆಯವರು ಅದೇ ಬಾವಿಯನ್ನು ಕ್ರಮವಾಗಿ ಶೋಧಿಸಿ ಸಾವಿರಕ್ಕೂ ಮೀರಿದ ರಾಕೆಟ್ಟುಗಳನ್ನು ಹೊರತೆಗೆಯುವಂತಾಯಿತು.

ಬಾವಿಯ ಮಾತು ಬಂದುದರಿಂದ, ಲೋಹವನ್ನು ಹುಡುಕುವ ನಮ್ಮ ಮನೆಮಾತಿನ ಉಪಕರಣವೊಂದನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. ಹೆಸರಘಟ್ಟದ ಕೆರೆಯ ನೀರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕೊಳವೆಗಳಲ್ಲಿ ಹರಿದುಬರುವುದಕ್ಕೆ ಮುನ್ನ ಬೆಂಗಳೂರು ಬಾವಿಗಳ ಊರಾಗಿತ್ತು. ಆಮೇಲೆಯೂ ಹಿತ್ತಿಲ ಬಾವಿಗಳು ಬಹುಕಾಲ ಉಳಿದವು. ಮಾಗಿಯಲ್ಲಿ ಬಾವಿಗಳು ತುಂಬಿರುತ್ತವೆ. ಚಳಿಗೆ ಮರಗಟ್ಟಿದ ಕೈಯಿಂದ ಹಗ್ಗ ಜಾರಿ ಬಿಂದಿಗೆಯೋ ಕೊಡವೋ ತಳವನ್ನು ಸೇರಿದರೆ, ಆ ತಣ್ಣೀರಿಗೆ ಇಳಿಯುವ ಧೈರ್ಯ ಯಾರಿಗೂ ಇರುವುದಿಲ್ಲ. ಆಗ ಬೇಕಾಗುತ್ತಿದ್ದುದು ಪಾತಾಳಗರಡಿ. ಕಬ್ಬಿಣದ ಬಳೆಯ ಸುತ್ತ ಬಗೆಬಗೆಯ ಕೊಕ್ಕೆಗಳನ್ನು ತೂಗಬಿಟ್ಟ ಆ ಸಾಧನ ಬೀದಿಗೊಂದು ಮನೆಯಲ್ಲಿ ಇರುತ್ತಿತ್ತು. ಎರವಲು ಪಡೆದವರು ಚೊಂಬನ್ನೋ ತಂಬಿಗೆಯನ್ನೋ ಒತ್ತೆಯಿಟ್ಟು ಕೊಂಡೊಯ್ಯುವ ವಾಡಿಕೆ ಹಲವು ಊರುಗಳಲ್ಲಿತ್ತು. ಒಬ್ಬರು ಬಾವಿಯ ಕಟ್ಟೆಯ ಮೇಲೆ ನಿಂತು ಕನ್ನಡಿಯಿಂದ ಬಿಸಿಲಿನ ಕೋಲನ್ನು ನೀರಿನೊಳಕ್ಕೆ ಹಾಯಿಸುವರು. ಇನ್ನೊಬ್ಬರು ಹಗ್ಗವನ್ನು ಮೆಲ್ಲನೆ ತಿರುಗಿಸುತ್ತ ತಳವನ್ನು ತಡವುವರು. ಕೊಕ್ಕೆ ಪಾತ್ರೆಯ ಕಂಠಕ್ಕೆ ಸಿಕ್ಕಿದ ಕ್ಷ­ಣದಲ್ಲಿ ಹಗ್ಗದ ಮೂಲಕ ಅಂಗೈಗೆ ಬರುವ ಭಾರವೇ ಅವರ ಸೂಚನೆ. ಹಾಗೆ ಹುಡುಕುವಾಗ ತಮ್ಮ ಬಿಂದಿಗೆಗೆ ಬದಲು ಅಜ್ಜಿಯ ಕಾಲದಲ್ಲಿ ಬಿದ್ದ ಪಾತ್ರೆ ಮೇಲಕ್ಕೆ ಬಂದುದೂ ಉಂಟು. ಬೇಸಗೆಯಲ್ಲಿ ನೀರು ಇಳಿದಾಗ ಹೂಳು ತೆಗೆಯುವವರು ಉಳಿದುದನ್ನು ಎತ್ತಿಕೊಡುತ್ತಿದ್ದರು. ಇಂದು ಆ ಬಾವಿಗಳಲ್ಲಿ ಬಹುಪಾಲು ಮುಚ್ಚಿಹೋಗಿವೆ. ಅವುಗಳ ತಳದ ಲೋಹ ಅಲ್ಲಿಯೇ ಇದೆ.

ಇನ್ನು ಬಿನ್ನಿಪೇಟೆಯದೇ ಆದ ಲೋಹ ಯಾವುದು ಎಂದರೆ, ಮಿಲ್ಲಿನದು. ನೂಲುವ ಕದಿರು, ಉಕ್ಕಿನ ಮೊನೆಯ ಲಾಳಿ, ಮಗ್ಗದ ಹಲ್ಲುಚಕ್ರ, ಬೀಡಿನ ಕಂಬ, ಉಗಿಯ ಕೊಳವೆ, ಹಿತ್ತಾಳೆಯ ನಲ್ಲಿ ಮುಂತಾದ ಸಾಮಾನುಗಳೊಡನೆ ನೂರು ವರ್ಷ ನಡೆದ ಗಿರಣಿಯೊಂದು ನಿಂತಾಗ ಆ ಲೋಹವೆಲ್ಲ ಸಹಜವಾಗಿಯೇ ಗುಜರಿಯ ದಾರಿಯನ್ನು ಹಿಡಿಯುತ್ತದೆ. ಆ ದಾರಿ ಇಲ್ಲಿಂದ ದೂರವೇನೂ ಅಲ್ಲ. ಬಿನ್ನಿಪೇಟೆಯ ತೆಂಕಣ ನೆರೆಯಾದ ಗೋರಿಪಾಳ್ಯ ಗುಜರಿ ವ್ಯಾಪಾರಕ್ಕೆ ಹೆಸರಾದುದು. ಗುಜರಿಯವರ ಕೈಯಲ್ಲಿ ಮೆಟಲ್ ಡಿಟೆಕ್ಟರ್ ಇಲ್ಲ. ಹಳೆಯ ಧ್ವನಿವರ್ಧಕದಿಂದ ಕಿತ್ತ ಅಯಸ್ಕಾಂತದ ತುಂಡು ಅವರಿಗೆ ಸಾಕು. ಹಿಡಿದೆಳೆದರೆ ಕಬ್ಬಿಣ, ಎಳೆಯದಿದ್ದರೆ ಹಿತ್ತಾಳೆಯೋ ತಾಮ್ರವೋ ಅಲ್ಯೂಮಿನಿಯಮ್ಮೋ. ಆಮೇಲೆ ಅರದಿಂದ ಒಂದು ಗೀರೆಳೆದು ಒಳಗಣ ಬಣ್ಣವನ್ನು ನೋಡಿ, ಬೀಡು ಬೇರೆ, ಉಕ್ಕು ಬೇರೆ, ಸೀಸ ಬೇರೆ ಎಂದು ರಾಶಿ ಹಾಕುತ್ತಾರೆ. ಆ ರಾಶಿಯಲ್ಲಿ ಕಾಲಕ್ಕೆ ಬೆಲೆಯಿಲ್ಲ, ತೂಕಕ್ಕೆ ಮಾತ್ರ ಬೆಲೆ. ಇದರಲ್ಲಿ ಗುಜರಿಯವರ ತಪ್ಪೇನೂ ಇಲ್ಲ. ಹೊಟ್ಟೆಪಾಡಿನ ಕಸುಬಿಗೆ ಅದರದೇ ಆದ ನ್ಯಾಯವುಂಟು, ಮತ್ತು ಅವರು ಎತ್ತದಿದ್ದರೆ ಊರು ತನ್ನ ಕಸದಲ್ಲಿ ತಾನೇ ಹೂತುಹೋಗುತ್ತಿತ್ತು. ಆದರೆ 1884ರ ಗಿರಣಿಯ ಮೊದಲ ಕಾಲದ ಸಾಮಾನು ಈಗ ನೂರು ವರ್ಷದ ಗೆರೆಯನ್ನು ದಾಟಿದೆಯೆಂಬುದನ್ನೂ, ರೋಮಿನ ಬೆಳ್ಳಿ ಹೇಗೆ ಒಂದು ಕಾಲದ ವ್ಯಾಪಾರಕ್ಕೆ ಸಾಕ್ಷಿಯೋ ಹಾಗೆಯೇ ಮಗ್ಗದ ಈ ತುಂಡು ಬೆಂಗಳೂರಿನ ದುಡಿಮೆಗಾರರ ಮೊದಲ ತಲೆಮಾರಿಗೆ ಸಾಕ್ಷಿಯೆಂಬುದನ್ನೂ ನಾವು ಇನ್ನೂ ಮನಸ್ಸಿಗೆ ತಂದುಕೊಂಡಿಲ್ಲ.

ಯಂತ್ರದ ವಿಷಯವಾಗಿಯೂ ಎರಡು ಮಾತು ಹೇಳಬೇಕು. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡನ ದೇಹದೊಳಗೆ ಹುದುಗಿದ ಗುಂಡನ್ನು ಪತ್ತೆಮಾಡಲು ಅಲೆಕ್ಸಾಂಡರ್ ಗ್ರಹಾಂ ಬೆಲ್ಲನು ಮಾಡಿದ ಪ್ರಯತ್ನ ಈ ಯಂತ್ರದ ಆದಿ. ಎರಡನೆಯ ಮಹಾಯುದ್ಧದಲ್ಲಿ ಪೋಲೆಂಡಿನ ಯೂಸೆಫ್ ಕೊಸಾಟ್ಸ್ಕಿ ರೂಪಿಸಿದ ನೆಲಬಾಂಬು ಶೋಧಕ 1942ರ ಎಲ್ ಅಲಮೇನ್ ಯುದ್ಧದಲ್ಲಿ ಸೈನಿಕರ ಪ್ರಾಣವನ್ನು ಉಳಿಸಿತು. ತಂತಿಯ ಸುರುಳಿಯಲ್ಲಿ ಅತ್ತಿಂದಿತ್ತ ಹರಿಯುವ ವಿದ್ಯುತ್ತು ನೆಲದೊಳಕ್ಕೆ ಕಾಂತಕ್ಷೇತ್ರವನ್ನು ಇಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರಲ್ಲಿ ಸುಳಿಪ್ರವಾಹಗಳೆದ್ದು ಮರುಕ್ಷೇತ್ರವನ್ನು ಕಳುಹಿಸುತ್ತವೆ. ಯಂತ್ರ ಅದನ್ನು ಸದ್ದಾಗಿ ತಿಳಿಸುತ್ತದೆ. ತತ್ತ್ವ ಸರಳವಾದುದು. ಆದರೆ ನಮ್ಮ ಕೆಂಪುಮಣ್ಣಿನಲ್ಲಿ ಅಡಗಿದ ಕಬ್ಬಿಣದ ಅಂಶ ತಾನೇ ಒಂದಿಷ್ಟು ಸದ್ದು ಮಾಡಿ ಯಂತ್ರವನ್ನು ದಿಕ್ಕುಗೆಡಿಸುತ್ತದೆ. ಊರಿನೊಳಗಂತೂ ಮೊಳೆ, ತಂತಿ, ಸೋಡಾ ಬಾಟಲಿಯ ಮುಚ್ಚಳಗಳ ಗದ್ದಲದಲ್ಲಿ ದೀನಾರಿಯ ದನಿಯನ್ನು ಬೇರ್ಪಡಿಸಿ ಕೇಳುವುದು ಸುಲಭವಲ್ಲ. ಅದಕ್ಕಿಂತ ದೊಡ್ಡ ಕೊರತೆ ಇನ್ನೊಂದು. ಯಂತ್ರ ಲೋಹವನ್ನು ಮಾತ್ರ ಬಲ್ಲದು. ಮಡಕೆಯ ಚೂರನ್ನು, ಬೂದಿಯ ಪದರವನ್ನು, ಎಲುಬನ್ನು, ಸುಟ್ಟ ಕಾಳನ್ನು ಅದು ಅರಿಯದು. ಯಶವಂತಪುರದಲ್ಲಿ ಕಳೆದುಹೋದುದು ನಿಖರವಾಗಿ ಅಷ್ಟೇ ಎಂಬುದನ್ನು ನೆನೆದರೆ ಯಂತ್ರದಿಂದ ಚರಿತ್ರೆಗಾಗುವ ಲಾಭದ ಮಿತಿ ತಾನಾಗಿ ತಿಳಿಯುತ್ತದೆ.

ಇಂಗ್ಲೆಂಡಿನವರು ಈ ಮಿತಿಯನ್ನು ಬೇಗನೆ ಅರಿತರು. ಹವ್ಯಾಸಿಗಳನ್ನು ಶತ್ರುಗಳಂತೆ ಕಾಣುವುದನ್ನು ಬಿಟ್ಟು, 1996ರಲ್ಲಿ ನಿಧಿಯ ಕಾಯಿದೆಯನ್ನು ಹೊಸದಾಗಿ ರಚಿಸಿ, ಮರುವರ್ಷದಿಂದ ಸಿಕ್ಕ ಸಣ್ಣಪುಟ್ಟ ವಸ್ತುವಿಗೂ ಅದು ಸಿಕ್ಕ ಸ್ಥಳವನ್ನು ಕೇಳಿ ಬರೆದುಕೊಳ್ಳುವ ಅಧಿಕಾರಿಗಳನ್ನು ಪ್ರಾಂತಪ್ರಾಂತದಲ್ಲಿ ನೇಮಿಸಿದರು. ವಸ್ತು ಕಂಡವನ ಬಳಿಯೇ ಉಳಿದರೂ ಅದರ ಸ್ಥಳದ ಜ್ಞಾನ ಎಲ್ಲರದಾಯಿತು. ನಮ್ಮ ದೇಶದ ಪರಿಸ್ಥಿತಿ ಬೇರೆ. ಪಾಳುಗುಡಿಗಳು ಊರೂರಿನಲ್ಲಿರುವ, ಕಾವಲು ಸಾಲದಿರುವ ನಾಡಿನಲ್ಲಿ ಯಂತ್ರ ಹಿಡಿದವರಿಗೆ ಹೊಲವನ್ನು ಬಿಟ್ಟುಕೊಡಬೇಕೆಂದು ನಾನು ಹೇಳಲಾರೆ. ಆದರೆ ಆ ಏರ್ಪಾಡಿನ ತಿರುಳನ್ನು ನಾವು ತೆಗೆದುಕೊಳ್ಳಬಹುದು. ಈ ಊರಿನಲ್ಲಿ ನೆಲ ಅಗೆಯದ ದಿನವಿಲ್ಲ. ಬಹುಮಹಡಿಯ ಕಟ್ಟಡಕ್ಕೆ ಪರವಾನಗಿ ಕೊಡುವಾಗ ಮರಗಳ ಲೆಕ್ಕವನ್ನು ಕೇಳುವ ಸರ್ಕಾರ, ಪಾಯ ತೋಡುವ ದಿನಗಳಲ್ಲಿ ಪುರಾತತ್ತ್ವ ಬಲ್ಲವನೊಬ್ಬನು ಬದಿಯಲ್ಲಿ ನಿಂತಿರಬೇಕೆಂದು ಕೇಳಿದರೆ ಕಟ್ಟುವವನಿಗೆ ಆಗುವ ನಷ್ಟ ಅತ್ಯಲ್ಪ. ಗುಂಡಿಯೊಳಗೆ ನಿಂತು ದುಡಿಯುವ ಕೂಲಿಯವನಿಗೆ, ತಿಳಿಸಿದರೆ ತನ್ನ ಪಾಲು ಕೈಸೇರುವುದೆಂಬ ಭರವಸೆ ಬಂದರೆ, ಅಕ್ಕಸಾಲಿಯ ಮೂಸೆಯಲ್ಲಿ ಕರಗಿಹೋಗುವ ನಾಣ್ಯಗಳಲ್ಲಿ ಕೆಲವಾದರೂ ಉಳಿದಾವು. 1865ರಲ್ಲಿ ಆರಂಭವಾದ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಇವುಗಳಿಗೆ ಸ್ಥಳವೂ ಉಂಟು, ಗೌರವವೂ ಉಂಟು.

ಓದುಗರಲ್ಲಿ ಕೊನೆಯದಾಗಿ ಅರಿಕೆ ಮಾಡುವುದಿಷ್ಟೆ. ಈ ಮಾಗಿಯಲ್ಲಿಯೋ ಮುಂದಿನ ಮಾಗಿಯಲ್ಲಿಯೋ ನಿಮ್ಮ ಮನೆಯ ಪಾಯದಲ್ಲಿ, ತೋಟದ ಪಾತಿಯಲ್ಲಿ, ಮುಚ್ಚಿದ ಬಾವಿಯ ಹೂಳಿನಲ್ಲಿ ಹಳೆಯ ನಾಣ್ಯವೋ ಪಾತ್ರೆಯೋ ಆಯುಧವೋ ಕಣ್ಣಿಗೆ ಬಿದ್ದರೆ, ಅದನ್ನು ಇದ್ದಲ್ಲಿಯೇ ಇರಗೊಟ್ಟು ಗುದ್ದಲಿಯನ್ನು ನಿಲ್ಲಿಸಿರಿ. ಎಷ್ಟು ಅಡಿ ಆಳದಲ್ಲಿ, ಎಂಥ ಮಣ್ಣಿನಲ್ಲಿ, ಯಾವುದರ ಜೊತೆಯಲ್ಲಿ ಇತ್ತೆಂಬುದನ್ನು ಕಾಗದದ ಮೇಲೆ ಬರೆದು, ಒಂದು ಚಿತ್ರವನ್ನೂ ತೆಗೆದುಕೊಂಡು, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗಳಿಗೆ ಆ ದಿನವೇ ತಿಳಿಸಿರಿ. ಮಣ್ಣಂಟಿದೆಯೆಂದು ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆಯಬೇಡಿರಿ. ಹುಣಸೆಯ ಹುಳಿಗೆ ತುಕ್ಕು ಹೋಗುವಾಗ ನಾಣ್ಯದ ಮುದ್ರೆಯೂ ಮಾಸುತ್ತದೆ, ಮಣ್ಣಿನ ಸಾಕ್ಷಿಯೂ ನೀರುಪಾಲಾಗುತ್ತದೆ.